ಚಪ್ಪಟೆ ಪರದೆಯ ಮೇಲೆ ಗೆರೆ ಬಾಗುವುದಿಲ್ಲ

ನಮ್ಮಕ್ಕನ ಎಡಗಣ್ಣು ಹುಟ್ಟಿನಿಂದಲೇ ಮಂದ. ಇದು ಗೊತ್ತಿದ್ದವರು ಮೂರೇ ಜನ: ಅಕ್ಕ, ಭಾವ, ನಾನು. ಅವಳು ನಲವತ್ತು ವರ್ಷ ದುಡಿದ ಬಟ್ಟೆ ಗಿರಣಿಯಲ್ಲಿ ಒಬ್ಬರಿಗೂ ಇದರ ಸುಳಿವು ಸಿಕ್ಕಿರಲಿಲ್ಲ. ಕೆಲಸಕ್ಕೆ ಸೇರುವ ದಿನ ಕಣ್ಣಿನ ಪರೀಕ್ಷೆಗೆ ಸಾಲಿನಲ್ಲಿ ನಿಂತಿದ್ದಾಗ, ಮುಂದಿದ್ದ ಹೆಂಗಸರು ಗೋಡೆಯ ಮೇಲಿನ ಅಕ್ಷರಗಳನ್ನು ಓದುವುದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಳಂತೆ. ಬಲಗಣ್ಣು ಮುಚ್ಚಿಸಿ ಓದಿಸಿದಾಗ ಗಿಣಿಯ ಹಾಗೆ ಒಪ್ಪಿಸಿಬಿಟ್ಟಳು.

ಅವಳ ಕೆಲಸ ನೇಯ್ದು ಬಂದ ಬಟ್ಟೆಯಲ್ಲಿ ತಪ್ಪು ಹುಡುಕುವುದು. ಗಾಜಿನ ಮೇಜು, ಅದರ ಅಡಿಯಲ್ಲಿ ದೀಪದ ಸಾಲು, ಮೇಲೆ ನಿಲ್ಲದೆ ಸರಿಯುವ ಬಟ್ಟೆ. ಒಂದು ಎಳೆ ತಪ್ಪಿದ್ದರೂ, ಒಂದು ಗಂಟು ಉಬ್ಬಿದ್ದರೂ ಅವಳ ಕೈ ತಾನಾಗಿ ಗುಂಡಿ ಒತ್ತಿ ಯಂತ್ರ ನಿಲ್ಲಿಸುತ್ತಿತ್ತು. ಗಿರಣಿಯವರು ಅವಳಿಗೆ ಹದ್ದಕ್ಕ ಎಂದೇ ಹೆಸರಿಟ್ಟಿದ್ದರು. ಒಂಟಿ ಕಣ್ಣಿನ ಹದ್ದು ಎಂದು ಭಾವ ಮಾತ್ರ ಅನ್ನುತ್ತಿದ್ದರು, ಅದೂ ಅವಳು ಅಡುಗೆಮನೆಯಲ್ಲಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು.

ಅಮ್ಮ ಹೋದಾಗ ನನಗೆ ಆರು ವರ್ಷ, ಅವಳಿಗೆ ಹದಿನೆಂಟು. ಅದೇ ವರ್ಷ ಅವಳು ಗಿರಣಿ ಸೇರಿದ್ದು. ನನಗೆ ಉಣಿಸಿ, ತಲೆ ಬಾಚಿ, ಶಾಲೆಗೆ ಕಳಿಸಿ ಕೆಲಸಕ್ಕೆ ಓಡುತ್ತಿದ್ದಳು. ನಾನು ಹತ್ತನೇ ತರಗತಿ ಮುಗಿಸುವವರೆಗೆ ತನ್ನ ಮದುವೆಯ ಮಾತನ್ನು ಯಾರೂ ಎತ್ತದ ಹಾಗೆ ನೋಡಿಕೊಂಡಳು. ಈಗ ನನಗೆ ಐವತ್ತಾಗಿ ತಲೆ ನೆರೆತರೂ ನಾನು ಅವಳಿಗೆ ಪುಟ್ಟನೇ. ಗಿರಾಕಿಗಳೆದುರು ಪುಟ್ಟಾ ಎಂದು ಕರೆದಾಗ ನಾಚಿಕೆಯಾಗುತ್ತದೆ ಎಂದರೆ, "ಹಾಗಾದ್ರೆ ದೊಡ್ಡೋನಾಗು" ಎನ್ನುತ್ತಾಳೆ.

ನಾನು ಟಿವಿ ಮಾರುವವನು. ಡಬ್ಬದಂಥ ಟಿವಿಗಳಿದ್ದ ಕಾಲದಿಂದ ಒಂದೇ ಅಂಗಡಿಯಲ್ಲಿದ್ದೇನೆ. ಪ್ಲಾಸ್ಮಾ ಬಂದದ್ದನ್ನು, ಹೋದದ್ದನ್ನು ನೋಡಿದ್ದೇನೆ. ಎಲ್‌ಸಿಡಿ ಬಂತು, ಅದರ ಹಿಂದಿನ ದೀಪ ಬದಲಾಗಿ ಎಲ್‌ಇಡಿ ಆಯಿತು, ಆಮೇಲೆ ಕ್ಯೂಎಲ್‌ಇಡಿ, ಒಎಲ್‌ಇಡಿ. ಅಕ್ಷರಗಳ ಈ ಸಂತೆಯಲ್ಲಿ ದಾರಿ ತಪ್ಪಿದವರನ್ನು ಕೈಹಿಡಿದು ದಡ ಸೇರಿಸುವುದು ನನ್ನ ಕೆಲಸ. ಸುಮ್ಮನೆ ದುಬಾರಿಯದನ್ನು ದಾಟಿಸುವ ಪೈಕಿ ನಾನಲ್ಲ. ಎಷ್ಟು ದೂರ ಕೂರುತ್ತೀರಿ, ಕಿಟಕಿ ಎಲ್ಲಿದೆ, ಹಗಲು ನೋಡುತ್ತೀರೋ ರಾತ್ರಿಯೋ ಎಂದೆಲ್ಲ ವಿಚಾರಿಸಿಯೇ ಮಾತಾಡುತ್ತೇನೆ. ನನ್ನ ಆಯ್ಕೆ ತಪ್ಪಿದ್ದು ಕಡಿಮೆ. ಆ ಹೆಮ್ಮೆ ನನಗಿತ್ತು. ಆಗಿದ್ದಕ್ಕೆಲ್ಲ ಅರ್ಧ ಕಾರಣ ಆ ಹೆಮ್ಮೆಯೇ ಎಂದು ಈಗ ಅನಿಸುತ್ತದೆ.

ಹೋದ ವರ್ಷ ಅಕ್ಕನ ಮನೆಯ ಹಳೆಯ ಟಿವಿ ಕೆಟ್ಟಿತು. ಪರದೆಯ ಉದ್ದಕ್ಕೂ ಹಸಿರು ಪಟ್ಟಿ ಬಿದ್ದು, ಎರಡು ದಿನದಲ್ಲಿ ಪೂರ್ತಿ ಕಪ್ಪಾಯಿತು. ರಿಪೇರಿಗೆ ಹಾಕುವ ಹಣಕ್ಕೆ ಹೊಸದೇ ಬರುತ್ತದೆ ಎಂದೆ. ಅಕ್ಕ, ಭಾವ ಇಬ್ಬರೂ ಅಂಗಡಿಗೆ ಬಂದರು. ಭಾವ ಬಸ್ ಡ್ರೈವರಾಗಿದ್ದವರು. ನಿವೃತ್ತಿಯಾದ ಮೇಲೆ ಅವರಿಗೆ ಕಾಡುಪ್ರಾಣಿಗಳ ಕಾರ್ಯಕ್ರಮದ ಹುಚ್ಚು. ಬಾಗಿಲಲ್ಲೇ ನಿಂತು, "ಏನಯ್ಯಾ ಭಾಮೈದ, ಸಿಂಹ ಸಿಂಹದ ಥರ ಕಾಣ್ಬೇಕು, ಬೆಕ್ಕಿನ ಥರ ಅಲ್ಲ. ಅಂಥದ್ದು ಕೊಡು" ಎಂದರು.

ಅಕ್ಕ ಗೋಡೆಯ ಉದ್ದಕ್ಕೂ ನಡೆದಳು. ಇಪ್ಪತ್ತು ಪರದೆಗಳಲ್ಲಿ ಒಂದೇ ಚಿತ್ರ ಓಡುತ್ತಿತ್ತು. ಒಂದರ ಎದುರು ನಿಂತಳು.

"ಇದರಲ್ಲಿ ಕಪ್ಪು ನಿಜವಾದ ಕಪ್ಪು ಕಣೋ. ಉಳಿದವುಗಳಲ್ಲೆಲ್ಲ ಕಪ್ಪಿನ ಹಿಂದೆ ಬೂದಿ ಬಣ್ಣ ಇದೆ."

ನಾನು ನಕ್ಕೆ. ಅವಳು ನಿಂತದ್ದು ಒಎಲ್‌ಇಡಿಯ ಮುಂದೆ. "ನಿನ್ನ ಗಿರಣಿ ಮೇಜು ನೆನಪು ಮಾಡ್ಕೋ ಅಕ್ಕ. ಉಳಿದವೆಲ್ಲ ಹಾಗೇನೇ. ಹಿಂದೆ ದೀಪ, ಮುಂದೆ ಬಟ್ಟೆ. ಎಷ್ಟೇ ದಪ್ಪ ಬಟ್ಟೆ ಹಾಕಿದ್ರೂ ಸ್ವಲ್ಪ ಬೆಳಕು ಸೋರುತ್ತೆ. ಇದರಲ್ಲಿ ಹಿಂದೆ ದೀಪಾನೇ ಇಲ್ಲ. ಒಂದೊಂದು ಎಳೇನೂ ತಾನೇ ಬೆಳಗುತ್ತೆ. ಕಪ್ಪು ಬೇಕಂದ್ರೆ ಆರಿಹೋಗುತ್ತೆ."

"ಹಾಗಾದ್ರೆ ಇದೇ ಇರಲಿ."

"ನಿಮ್ಮನೆಗೆ ಬೇಡ. ಹಾಲಿನಲ್ಲಿ ಅಷ್ಟು ದೊಡ್ಡ ಕಿಟಕಿ ಇದೆ, ಹಗಲಿಡೀ ಬಿಸಿಲು. ನೀನು ಬೇರೆ ದಿನವಿಡೀ ಸುದ್ದಿ ಹಾಕಿ ಕೂರ್ತೀಯ. ಮೂಲೆಯಲ್ಲಿರೋ ಚಾನೆಲ್ ಗುರುತು ವರ್ಷಗಟ್ಟಲೆ ಒಂದೇ ಜಾಗದಲ್ಲಿದ್ರೆ ಇಂಥ ಪರದೆ ಮೇಲೆ ಕಲೆ ಹಾಗೇ ಉಳಿದುಬಿಡಬಹುದು. ನಿಮಗೆ ಕ್ಯೂಎಲ್‌ಇಡಿ ಸರಿ, ಹಿಂದೆ ದೀಪ ಇರೋ ಜಾತೀದೇ. ಬೆಳಕು ಜಾಸ್ತಿ, ಬಣ್ಣ ಗಾಢ, ತಲೆನೋವಿಲ್ಲ."

ಅಕ್ಕ ಇನ್ನೊಮ್ಮೆ ಆ ಕಪ್ಪನ್ನು ನೋಡಿದಳು. "ನಿನಗೆ ಗೊತ್ತಿರುತ್ತೆ ಬಿಡು" ಎಂದಳು. ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇವತ್ತು ಬೇರೆ ಯಾರೇ ಆ ಕಿಟಕಿಯ ಮನೆಯಿಂದ ಬಂದರೂ ಅದನ್ನೇ ಹೇಳುತ್ತೇನೆ.

ಒಂದೂವರೆ ತಿಂಗಳು ಎಲ್ಲ ಚೆನ್ನಾಗಿತ್ತು. ಭಾವ ದಿನವೂ ಫೋನ್ ಮಾಡಿ ಯಾವ ಪ್ರಾಣಿ ಯಾವುದನ್ನು ತಿಂದಿತೆಂದು ವರದಿ ಒಪ್ಪಿಸುತ್ತಿದ್ದರು. ಒಂದು ದಿನ ಅಕ್ಕನೇ ಫೋನ್ ಮಾಡಿದಳು.

"ಪುಟ್ಟಾ, ಸುದ್ದಿ ಕೆಳಗೆ ಅಕ್ಷರ ಓಡುತ್ತಲ್ಲ, ಆ ಪಟ್ಟಿ ಮಧ್ಯದಲ್ಲಿ ಜೋತುಬೀಳುತ್ತೆ ಕಣೋ. ಬಟ್ಟೆ ಒಣಹಾಕೋ ಹಗ್ಗ ಸಡಿಲ ಆದ ಹಾಗೆ."

ಭಾನುವಾರ ಹೋದೆ. ನನ್ನ ಕಣ್ಣಿಗೆ ಪಟ್ಟಿ ನೆಟ್ಟಗೇ ಇತ್ತು. ಓಡುವ ಚಿತ್ರವನ್ನು ನುಣುಪು ಮಾಡಲು ಈ ಟಿವಿಗಳಲ್ಲಿ ಒಂದು ಸೌಲಭ್ಯವಿರುತ್ತದೆ. ಕೆಲವರಿಗೆ ಅದರಿಂದ ಅಕ್ಷರಗಳು ಅಲುಗಾಡಿದಂತೆ ಕಾಣುತ್ತದೆ. ಅದನ್ನು ತೆಗೆದೆ. "ಈಗ?" ಎಂದೆ. ಅಕ್ಕ ತಲೆ ಒಂದಿಷ್ಟು ಪಕ್ಕಕ್ಕೆ ವಾಲಿಸಿ ನೋಡಿ, "ಸ್ವಲ್ಪ ವಾಸಿ" ಎಂದಳು. ಕನ್ನಡಕದ ಬಗ್ಗೆ ಕೇಳಿದ್ದೆ, ಇಲ್ಲವೆನ್ನುವುದಿಲ್ಲ. ಹೋದ ವರ್ಷವಷ್ಟೇ ಬದಲಾಯಿಸಿದ್ದು ಎಂದಳು. ಅಲ್ಲಿಗೆ ಬಿಟ್ಟೆ.

ಹತ್ತು ದಿನಕ್ಕೆ ಮತ್ತೆ ಫೋನ್. ಈ ಸಲ ಪರದೆಯ ನಡುವೆ ಮಬ್ಬು ಕಲೆಯಂತೆ. "ಒದ್ದೆ ಬೆರಳಲ್ಲಿ ಒರೆಸಿ ಬಿಟ್ಟ ಹಾಗೆ. ಒರೆಸಿದ್ರೆ ಹೋಗಲ್ಲ."

ಇಂಥ ದೂರೂ ನನಗೆ ಹೊಸದಲ್ಲ. ಹಿಂದೆ ದೀಪವಿರುವ ಪರದೆಗಳಲ್ಲಿ ಬೆಳಕು ಎಲ್ಲ ಕಡೆ ಸಮವಾಗಿ ಹರಡದಿದ್ದರೆ ಕೊಳೆಯಾದಂತೆ ಕಾಣುತ್ತದೆ. ಕಂಪನಿಗೆ ಹೇಳಿ ಸರ್ವೀಸಿನವನನ್ನು ಕಳಿಸಿದೆ, ನಾನೂ ಜೊತೆಗೆ ಹೋದೆ. ನಲವತ್ತರ ಆಸುಪಾಸಿನ ಮನುಷ್ಯ, ನಿಧಾನದ ಮಾತು. ಪರದೆಯನ್ನು ಬಿಳಿ ಮಾಡಿ, ಬೂದು ಮಾಡಿ, ಅಳತೆಯ ಯಂತ್ರ ಹಿಡಿದು ಒಂಬತ್ತು ಕಡೆ ನೋಡಿದ. ಎಲ್ಲವೂ ಸಮ. ಹೊರಡುವಾಗ ಅಕ್ಕನ ಕಡೆ ತಿರುಗಿ, "ಅಮ್ಮಾ, ತಪ್ಪು ತಿಳೀಬೇಡಿ. ಒಂದ್ಸಲ ಕಣ್ಣು ತೋರಿಸಿದ್ದೀರಾ?" ಎಂದು ಕೇಳಿದ.

ಉತ್ತರ ಕೊಟ್ಟವನು ನಾನು. "ರೀ, ಅವರು ನಲವತ್ತು ವರ್ಷ ಬಟ್ಟೆ ಪರೀಕ್ಷೆ ಮಾಡಿದೋರು. ನಿಮ್ಮ ಯಂತ್ರ ಇನ್ನೂ ಹುಟ್ಟೇ ಇರಲಿಲ್ಲ. ಅವರಿಗೆ ಕಂಡಿದೆ ಅಂದ್ರೆ ಅಲ್ಲಿ ಏನೋ ಇದ್ದೇ ಇರುತ್ತೆ. ನಿಮ್ಮ ಕಂಪನಿಯೋರು ತಪ್ಪು ಒಪ್ಕೊಳ್ಳೋಕೆ ಆಗದೆ ಗಿರಾಕಿ ಕಣ್ಣಿನ ಮೇಲೆ ಹಾಕ್ತೀರಲ್ಲ!"

ಆತ ಚೀಲ ಹೆಗಲಿಗೇರಿಸಿಕೊಂಡು ಹೋದ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ತಮ್ಮ ತನ್ನ ಪರವಾಗಿ ಜಗಳವಾಡಿದ ಎಂದು ಅವಳಿಗೆ ಖುಷಿಯಾಗಿರಬೇಕು ಅಂದುಕೊಂಡೆ. ನಿಜವಾಗಿ ಅವಳ ಪರವಾಗಿ ಆ ಮನೆಯಲ್ಲಿ ಅವತ್ತು ಮಾತಾಡಿದವನು ಆ ಸರ್ವೀಸಿನವನೊಬ್ಬನೇ.

ಅಂಗಡಿಯ ಮಾಲೀಕರನ್ನು ಹಿಡಿದು ಕಾಡಿಸಿ ಟಿವಿ ಬದಲಿಸಲು ಒಪ್ಪಿಸಿದೆ. ಕ್ಯೂಎಲ್‌ಇಡಿ ವಾಪಸು ತಂದು, ಬೆಲೆಯ ವ್ಯತ್ಯಾಸ ನಾನೇ ಹಾಕಿ, ಅಕ್ಕ ಮೊದಲು ಮೆಚ್ಚಿದ್ದ ಒಎಲ್‌ಇಡಿಯನ್ನೇ ಕೊಡುವುದೆಂದು ಲೆಕ್ಕ. ಕಿಟಕಿಗೆ ದಪ್ಪ ಪರದೆ ಹಾಕಿದರಾಯಿತು. ಆದರೆ ಈ ಸಲ ಅವಳೇ ಬಂದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಹೇಳಲಿ, ಆಮೇಲೆ ಮಾತು ಬರಬಾರದು ಎಂದು ಕರೆಸಿದೆ.

ಅವತ್ತು ರಜೆಯ ದಿನ. ಅಂಗಡಿ ತುಂಬ ಜನ. ಎರಡೂ ಪರದೆಗಳ ಮೇಲೆ ಚೌಕಳಿಯ ಚಿತ್ರ ಹಾಕಿದೆ: ಕಪ್ಪು ಹಿನ್ನೆಲೆ, ಬಿಳಿ ಗೆರೆಗಳು, ಅಡ್ಡಕ್ಕೆ ಉದ್ದಕ್ಕೆ, ಬಲೆಯ ಹಾಗೆ. ಹಳೆಯ ಡಬ್ಬ ಟಿವಿಗಳ ಕಾಲದಲ್ಲಿ ಚಿತ್ರ ನೆಟ್ಟಗಿದೆಯೇ ಎಂದು ನೋಡಲು ಇದನ್ನು ಬಳಸುತ್ತಿದ್ದೆವು. ಈಗ ಅದರ ಅಗತ್ಯವಿಲ್ಲ, ಅಭ್ಯಾಸಬಲ.

ಅಕ್ಕ ಎದುರಿಗೆ ನಿಂತು ಬಹಳ ಹೊತ್ತು ನೋಡಿದಳು.

"ಎರಡರಲ್ಲೂ ಇದೆ ಕಣೋ" ಎಂದಳು ಮೆಲ್ಲಗೆ.

"ಏನಿದೆ?"

"ನಡುವಿನ ಗೆರೆಗಳು ಒಳಕ್ಕೆ ಎಳ್ಕೊಂಡಿವೆ. ಬಲೆಗೆ ಯಾರೋ ಹಿಂದಿನಿಂದ ಬೆರಳು ಸಿಕ್ಕಿಸಿ ಜಗ್ಗಿದ ಹಾಗೆ. ನಡುಮಧ್ಯ ಒಂದೆರಡು ಮನೆ ಕಾಣೋದೇ ಇಲ್ಲ."

ನನಗೆ ರೇಗಿತು. ಮಾಲೀಕರು ಕೌಂಟರಿನಿಂದ ನೋಡುತ್ತಿದ್ದರು. ಇಬ್ಬರು ಗಿರಾಕಿಗಳು ನನ್ನ ಬಿಡುವಿಗಾಗಿ ಕಾಯುತ್ತಾ ಕಿವಿ ಇತ್ತಲೇ ಇಟ್ಟಿದ್ದರು. ನಾನು ಆರಿಸಿದ ಎರಡು ಟಿವಿಗಳಿಗೂ ನನ್ನ ಅಕ್ಕನೇ ತುಂಬಿದ ಅಂಗಡಿಯಲ್ಲಿ ಹೆಸರಿಡುತ್ತಿದ್ದಾಳೆ.

"ಅಕ್ಕ, ಚಪ್ಪಟೆ ಪರದೆ ಮೇಲೆ ಗೆರೆ ಬಾಗಲ್ಲ. ಬಾಗೋಕೆ ಸಾಧ್ಯಾನೇ ಇಲ್ಲ. ಡಬ್ಬದ ಟಿವಿಲಿ ಬಾಗ್ತಿತ್ತು. ಇದರಲ್ಲಿ ಒಂದೊಂದು ಚುಕ್ಕೀನೂ ಅದರ ಜಾಗದಲ್ಲಿ ಮೊಳೆ ಹೊಡೆದ ಹಾಗೆ ಕೂತಿರುತ್ತೆ. ಎಲ್‌ಸಿಡಿ ಆಗಲಿ, ಒಎಲ್‌ಇಡಿ ಆಗಲಿ, ಪ್ರಪಂಚದಲ್ಲಿ ಯಾವ ಕಂಪನಿದೇ ಆಗಲಿ, ಬಾಗಲ್ಲ."

ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ.

"ರಿಟೈರಾಗಿ ನಾಲ್ಕು ವರ್ಷ ಆಯ್ತು. ಇನ್ನೂ ಮೊಸರಲ್ಲಿ ಕಲ್ಲು ಹುಡುಕೋದು ಬಿಡಲಿಲ್ವಲ್ಲ ನೀನು! ಇದು ನಿನ್ನ ಗಿರಣಿ ಅಲ್ಲ. ಗುಂಡಿ ಒತ್ತಿ ಒತ್ತಿ ನನ್ನ ಮಾನ ಕಳೀಬೇಡ."

ಕಾಯುತ್ತಿದ್ದವರಲ್ಲೊಬ್ಬ ಕಿಸಕ್ಕನೆ ನಕ್ಕ. ಅಕ್ಕನ ಮುಖ ಸಪ್ಪಗಾಯಿತು. ಮತ್ತೊಮ್ಮೆ ಪರದೆಯ ಕಡೆ ತಿರುಗಿದಳು. ಬಲಗೈಯನ್ನು ಕನ್ನಡಕ ಸರಿಮಾಡಿಕೊಳ್ಳುವವಳಂತೆ ಮೇಲೆತ್ತಿ, ಒಂದು ಗಳಿಗೆ ಬಲಗಣ್ಣಿಗೆ ಅಡ್ಡ ಹಿಡಿದು, ಇಳಿಸಿದಳು. ಇದನ್ನು ನಾನು ನೋಡಿದೆ. ನೋಡಿಯೂ ನನಗೇನೂ ಹೊಳೆಯಲಿಲ್ಲ.

"ಹೌದು ಕಣೋ. ಈಗ ನೆಟ್ಟಗಿದೆ. ಇದನ್ನೇ ಕಳಿಸು" ಎಂದಳು.

ಹೊಸ ಟಿವಿ ಹೋಯಿತು. ಆಮೇಲೆ ದೂರು ಬರಲಿಲ್ಲ. ಕೇಳಿದಾಗಲೆಲ್ಲ, "ಚೆನ್ನಾಗಿದೆ, ಕಪ್ಪು ಅಂದ್ರೆ ಕಪ್ಪು" ಎನ್ನುತ್ತಿದ್ದಳು. ಕೊನೆಗೂ ಸರಿಯಾದ ಟಿವಿ ಸಿಕ್ಕಿತೆಂದು ನಾನು ನಿಶ್ಚಿಂತನಾದೆ. ಮುಂದಿನ ಮೂರೂವರೆ ತಿಂಗಳಲ್ಲಿ ನಾಲ್ಕೈದು ಸಲ ಅವರ ಮನೆಗೆ ಹೋಗಿದ್ದೇನೆ. ಅವಳು ಮಾತಾಡುವಾಗ ಮುಖವನ್ನು ಓರೆ ಮಾಡುತ್ತಿದ್ದಳು. ಲೋಟಕ್ಕೆ ನೀರು ಬಗ್ಗಿಸುವಾಗ ಅಂಚಿಗೆ ಬೆರಳು ಇಟ್ಟುಕೊಳ್ಳುತ್ತಿದ್ದಳು. "ನಿಮ್ಮಕ್ಕ ಇತ್ತೀಚೆಗೆ ನನ್ನನ್ನ ಕೋಳಿ ಹುಳ ನೋಡೋ ಹಾಗೆ ನೋಡ್ತಾಳೆ, ಪಕ್ಕದಿಂದ" ಎಂದು ಭಾವ ಹೇಳಿದಾಗ ಮೂವರೂ ನಕ್ಕಿದ್ದೆವು. ಅವಳೂ ನಕ್ಕಳು, ನಮಗಿಂತ ಜೋರಾಗಿ.

ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದಾಗ ಭಾವನ ಫೋನ್ ಬಂತು. ದನಿಯಲ್ಲಿ ತಮಾಷೆ ಇರಲಿಲ್ಲ.

"ಒಂದ್ಸಲ ಬಂದು ಹೋಗ್ತೀಯಾ? ನನ್ನ ಬಿಳಿ ಅಂಗಿಗೆ ಗುಂಡಿ ಹಾಕಿಕೊಟ್ಟಿದ್ದಾಳೆ. ಕಪ್ಪು ದಾರ. ಅದೂ ಗುಂಡಿ ತೂತಿನಲ್ಲಲ್ಲ, ಪಕ್ಕದಲ್ಲೆಲ್ಲೋ ಹೊಲಿದಿದ್ದಾಳೆ. ಕೇಳಿದ್ರೆ ಮಾತಾಡ್ತಿಲ್ಲ."

ಅಂಗಡಿಯಲ್ಲಿ ಅವಳು ಬಲಗಣ್ಣಿಗೆ ಕೈ ಅಡ್ಡ ಹಿಡಿದದ್ದು ಆಗ ನೆನಪಾಯಿತು. ಸೈಕಲ್ಲಿನಷ್ಟು ನಿಧಾನಕ್ಕೆ ಓಡುತ್ತಿದೆ ಅನಿಸಿದ ಆಟೋದಲ್ಲಿ ಕೂತು ಹೋದೆ. ಅಕ್ಕ ಊಟದ ಮೇಜಿನ ಮುಂದೆ ಅಂಗಿ ಹಿಡಿದು ಕೂತಿದ್ದಳು. ನಾನು ಎದುರು ಕುರ್ಚಿ ಎಳೆದುಕೊಂಡು ಕೂತೆ.

"ಅಕ್ಕ, ಎಡಗಣ್ಣು ಮುಚ್ಚಿ ನನ್ನ ಮುಖ ನೋಡು."

ಅವಳು ಅಂಗೈಯಿಂದ ಎಡಗಣ್ಣು ಮುಚ್ಚಿದಳು. ನನ್ನ ಕಡೆ ನೇರವಾಗಿ ನೋಡಿದಳು.

"ಏನು ಕಾಣುತ್ತೆ?"

"ಕಿವಿ ಎರಡೂ ಕಾಣುತ್ತೆ" ಎಂದಳು. "ಅಂಗಿ ಕಾಲರು ಕಾಣುತ್ತೆ. ಮುಖ ಇಲ್ಲ ಪುಟ್ಟಾ."

ಅವತ್ತೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಔಷಧಿ ಹಾಕಿ, ಕಣ್ಣಿನ ಪಾಪೆ ಅರಳಿಸಿ, ಒಂದಾದ ಮೇಲೊಂದು ಯಂತ್ರದ ಮುಂದೆ ಗದ್ದ ಊರಿಸಿ ನೋಡಿದರು. ವೈದ್ಯೆ ಚಿಕ್ಕ ವಯಸ್ಸಿನವರು. ಕೊನೆಗೆ ಮೇಜಿನ ಡ್ರಾಯರಿನಿಂದ ಒಂದು ಕಾರ್ಡು ತೆಗೆದು ಅಕ್ಕನ ಕೈಗಿಟ್ಟರು. ಅದರ ತುಂಬ ಚೌಕಳಿ. ಅಡ್ಡಕ್ಕೆ ಉದ್ದಕ್ಕೆ ಗೆರೆಗಳು, ನಡುವೆ ಒಂದು ಚುಕ್ಕೆ.

"ಎಡಗಣ್ಣು ಮುಚ್ಕೊಂಡು ನಡುವಿನ ಚುಕ್ಕೆ ನೋಡಿ ಅಮ್ಮ. ಗೆರೆಗಳು ನೆಟ್ಟಗಿವೆಯಾ?"

ಅಕ್ಕ ಕಾರ್ಡನ್ನು ಓರೆಯಾಗಿ ಹಿಡಿದು ನೋಡಿದಳು. "ಇದನ್ನ ನಾನು ಮೊದಲೇ ನೋಡಿದ್ದೀನಿ" ಎಂದಳು. "ಆಗ ಗೆರೆ ಬಾಗಿದ್ವು. ಈಗ ನಡುವೆ ಏನೂ ಇಲ್ಲ."

"ಎಲ್ಲಿ ನೋಡಿದ್ರಿ? ಬೇರೆ ಡಾಕ್ಟರ ಹತ್ತಿರ ಹೋಗಿದ್ರಾ?"

ಅಕ್ಕ ಕಾರ್ಡನ್ನು ಮೇಜಿನ ಮೇಲಿಟ್ಟಳು. "ಎಲ್ಲೋ ಅಂಗಡಿಯಲ್ಲಿ" ಎಂದು ಗೊಣಗಿದಳು.

"ನಾನೇ ತೋರಿಸಿದ್ದು, ಡಾಕ್ಟರೇ" ಎಂದೆ. "ಟಿವಿ ಮೇಲೆ. ಮೂರೂವರೆ ತಿಂಗಳಾಯ್ತು."

ವೈದ್ಯೆ ಪೆನ್ನನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕಣ್ಣಿನ ಹಿಂಭಾಗದಲ್ಲಿ ನೋಟದ ನಡುಭಾಗವನ್ನು ಹಿಡಿಯುವ ಸಣ್ಣ ಜಾಗವೊಂದಿದೆ, ವಯಸ್ಸಾದಂತೆ ಕೆಲವರಿಗೆ ಅದರ ಅಡಿಯಲ್ಲಿ ಬೇಡದ ರಕ್ತನಾಳಗಳು ಹುಟ್ಟಿ ಸೋರುತ್ತವೆ, ಆಗ ಆ ಜಾಗ ಉಬ್ಬಿ ನೆಟ್ಟಗಿನ ಗೆರೆ ಸೊಟ್ಟಗೆ ಕಾಣುತ್ತದೆ ಎಂದು ಕಾಗದದ ಮೇಲೆ ಬರೆದು ವಿವರಿಸಿದರು. ಮೊದಲ ಕೆಲವು ವಾರಗಳಲ್ಲೇ ಕಣ್ಣಿಗೆ ಇಂಜೆಕ್ಷನ್ ಶುರು ಮಾಡಿದ್ದರೆ ಬಹುಪಾಲು ದೃಷ್ಟಿ ಉಳಿಯುವ ಸಾಧ್ಯತೆ ಇತ್ತು. ಈಗ ಅಲ್ಲಿ ಗಾಯ ಮಾಗಿ ಕಲೆ ಕಟ್ಟಿದೆ. ಇರುವಷ್ಟನ್ನು ಉಳಿಸಲು ನೋಡಬಹುದು. ಪಕ್ಕದ ನೋಟ ಹೋಗುವುದಿಲ್ಲ, ಪೂರ್ತಿ ಕತ್ತಲಾಗುವುದಿಲ್ಲ. ಎಡಗಣ್ಣು ಹೇಗೂ ಮಂದವೇ.

"ಓದೋದು, ಹೊಲಿಯೋದು?" ಎಂದು ಭಾವ ಕೇಳಿದರು.

ವೈದ್ಯೆ ಆಗುವುದಿಲ್ಲವೆಂಬಂತೆ ತಲೆಯಾಡಿಸಿದರು.

ಹೊರಗಿನ ಓಣಿಯಲ್ಲಿ ನಿಂತು ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಪಟ್ಟಿ ಜೋತುಬಿದ್ದದ್ದು ಯಾವಾಗ, ಸರ್ವೀಸಿನವನು ಬಂದದ್ದು ಯಾವಾಗ, ಅಂಗಡಿಯಲ್ಲಿ ಬಲೆ ತೋರಿಸಿದ್ದು ಯಾವಾಗ. ಎಷ್ಟು ಸಲ ಲೆಕ್ಕ ಹಾಕಿದರೂ ಮೊದಲ ಫೋನಿನಿಂದ ಬಲೆ ತೋರಿಸುವವರೆಗೆ ಮೂರು ವಾರ, ಹೆಚ್ಚೆಂದರೆ ನಾಲ್ಕು. ಕಾಲ ಇತ್ತು. ಅವಕಾಶ ಮೂರು ಸಲ ಇತ್ತು. ಚಪ್ಪಟೆ ಪರದೆಯಲ್ಲಿ ಗೆರೆ ಬಾಗುವುದಿಲ್ಲ ಎಂದು ಇಡೀ ಬೀದಿಯಲ್ಲಿ ನನ್ನಷ್ಟು ಖಚಿತವಾಗಿ ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲ. ಪರದೆ ಬಾಗಿಲ್ಲ ಎಂದರೆ ಮತ್ತೆಲ್ಲಿ ಬಾಗಿದೆ ಎಂದು ಒಂದು ಹೆಜ್ಜೆ ಮುಂದೆ ಯೋಚಿಸಲು ಎಷ್ಟು ಹೊತ್ತು ಬೇಕಿತ್ತು? ಟಿವಿ ನಿರ್ದೋಷಿ ಎಂದು ಗೊತ್ತಾದ ಕೂಡಲೇ ನನ್ನ ಕೆಲಸ ಮುಗಿದುಹೋಗಿತ್ತು.

ಇಂಜೆಕ್ಷನ್‌ಗಳು ಶುರುವಾದವು. ಎರಡನೆಯದು ಮುಗಿದ ವಾರ ಅಕ್ಕನ ಮನೆಗೆ ಹೋದಾಗ ಭಾವ ಹೊರಗೆ ಹೋಗಿದ್ದರು. ಅವಳು ಪಾತ್ರೆ ತೊಳೆಯುತ್ತಿದ್ದಳು. ಬೆರಳ ತುದಿಯಿಂದ ಪಾತ್ರೆಯ ಒಳಗೆಲ್ಲ ಸವರಿ, ಜಿಡ್ಡು ಹೋಗಿದೆಯೇ ಎಂದು ನೋಡಿ ಕೆಳಗಿಡುತ್ತಿದ್ದಳು. ನಾನು ಒರೆಸಲು ನಿಂತೆ. ಎಷ್ಟೋ ದಿನದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದೆ.

"ಅವತ್ತು ಅಂಗಡಿಯಲ್ಲಿ ನೆಟ್ಟಗಿದೆ ಅಂತ ಯಾಕಂದೆ ಅಕ್ಕ? ನಾನು ರೇಗಿದೆ ಅಂತಾನಾ?"

ಅವಳು ನಲ್ಲಿ ನಿಲ್ಲಿಸಿದಳು.

"ಅದೂ ಇತ್ತು. ಅಷ್ಟು ಜನರ ಮುಂದೆ." ತೊಳೆದ ಲೋಟವನ್ನು ನನ್ನ ಕೈಗಿಟ್ಟು ಹೇಳಿದಳು, "ಆದ್ರೆ ಅದೇ ಎಲ್ಲ ಅಲ್ಲ ಕಣೋ. ಈ ಪರದೆಲಿ ಗೆರೆ ಬಾಗೋಕೆ ಆಗಲ್ಲ ಅಂತ ನೀನು ಹೇಳಿದೆಯಲ್ಲ, ನನಗೆ ಅಲ್ಲೇ ಗೊತ್ತಾಗೋಯ್ತು. ಬಲಗಣ್ಣಿಗೆ ಕೈ ಅಡ್ಡ ಹಿಡಿದೆ. ಎಡಗಣ್ಣಿಗೆ ಮಸುಕಾಗಿ ಕಾಣ್ತಿತ್ತು, ಆದ್ರೆ ಗೆರೆ ನೆಟ್ಟಗಿತ್ತು. ಬಟ್ಟೆಲಿ ತಪ್ಪಿಲ್ಲ ಅಂದ್ರೆ ತಪ್ಪು ಎಲ್ಲಿದೆ ಅಂತ ನನಗೆ ಗೊತ್ತಾಗಲ್ವಾ?"

"ಮತ್ತೆ ಹೇಳಬಾರದಿತ್ತಾ!"

"ಭಯ ಆಯ್ತು. ಇದ್ದದ್ದು ಒಂದೇ ಕಣ್ಣು. ತೋರಿಸಿದ್ರೆ ಹೋಗಿದೆ ಅಂತ ಹೇಳಿಬಿಡ್ತಾರೆ. ತೋರಿಸದಿದ್ರೆ ಇನ್ನೂ ಹೋಗಿಲ್ಲ ಅಂತ ಇರಬಹುದಲ್ಲ. ಇನ್ನೊಂದು ವಾರ ನೋಡೋಣ, ಇನ್ನೊಂದು ವಾರ ನೋಡೋಣ ಅಂತ." ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಔಷಧಿ ಇರುತ್ತೆ, ಬೇಗ ಹೋದ್ರೆ ಉಳಿಯುತ್ತೆ ಅಂತ ಯಾರಿಗೆ ಗೊತ್ತಿತ್ತು?"

ನಾನು ಒಂದು ತಟ್ಟೆ ಎತ್ತಿಕೊಂಡು ಒರೆಸತೊಡಗಿದೆ. ಅವಳೇ ಮತ್ತೆ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ಲೋಟ ಎತ್ತಿಡುವವಳ ಹಾಗೆ ಹೇಳಿದಳು: "ನೀನು ಇನ್ನೊಂದ್ಸಲ ಕೇಳಿದ್ರೆ ಹೇಳಿಬಿಡ್ತಿದ್ದೆ, ಪುಟ್ಟಾ. ದಿನಾ ಕಾಯ್ತಿದ್ದೆ. ನೀನು ಟಿವಿ ಹೇಗಿದೆ ಅಂತ ಕೇಳ್ತಿದ್ದೆ."

ಕೈಯಲ್ಲಿದ್ದ ತಟ್ಟೆಯನ್ನು ಒರೆಸುತ್ತಲೇ ಇದ್ದೆ. ಅದು ಯಾವಾಗಲೋ ಒಣಗಿತ್ತು.

ಸರ್ವೀಸಿನ ಆ ಮನುಷ್ಯ ಬೇರೊಂದು ಕೆಲಸಕ್ಕೆ ಅಂಗಡಿಗೆ ಬಂದಿದ್ದಾಗ ಅವನನ್ನು ಮೂಲೆಗೆ ಕರೆದು, ಅವತ್ತು ನೀವು ಹೇಳಿದ್ದೇ ಸರಿಯಾಗಿತ್ತು, ನಾನು ದುಡುಕಿದೆ ಎಂದೆ. ಅವನಿಗೆ ನೆನಪೇ ಇರಲಿಲ್ಲ. "ದಿನಕ್ಕೆ ಹತ್ತು ಮನೆ ಹೋಗ್ತೀನಿ ಸಾರ್. ಯಾವ ಅಮ್ಮ?" ಎಂದ. ಕ್ಷಮೆ ಕೇಳಲು ಕೂಡ ಸರಿಯಾದ ಜಾಗ ಸಿಗುವುದಿಲ್ಲ.

ಆ ಒಎಲ್‌ಇಡಿ ಅಕ್ಕನ ಮನೆಯಲ್ಲೇ ಇದೆ. ಮಾರಿಬಿಡೋಣವೇ ಎಂದಾಗ ಅವಳು ಒಪ್ಪಲಿಲ್ಲ, ಬಣ್ಣಗಳು ಅಂಚಿನಲ್ಲಿ ಕಾಣುತ್ತವೆ ಎಂದಳು. ಸಂಜೆ ಭಾವ ಪಕ್ಕದಲ್ಲಿ ಕೂತು ವಿವರಿಸುತ್ತಾರೆ. ಬಸ್ಸಿನ ಸ್ಟೇರಿಂಗ್ ಹಿಡಿದ ಕೈ, ಮಾತಿನ ಮೇಲೆ ಹಿಡಿತ ಕಡಿಮೆ. "ಜಿಂಕೆ ಬಂತು ಕಣೇ. ಅಲ್ಲ, ಜಿಂಕೆ ಅಲ್ಲ, ಅದೇನೋ ಕೊಂಬಿರೋದು. ಹೋಯ್ತು ಬಿಡು, ತಿಂದೇಬಿಟ್ಟ." "ಯಾರು ತಿಂದಿದ್ದು ರೀ?" "ತಡಿ, ನೋಡ್ತೀನಿ." ನಾನು ಇದ್ದಾಗ ಇದನ್ನು ಕೇಳಿ ನಗುತ್ತೇನೆ. ಮನೆಗೆ ಬರುವ ದಾರಿಯಲ್ಲಿ ನಗು ಉಳಿದಿರುವುದಿಲ್ಲ.

ತಿಂಗಳಿಗೊಮ್ಮೆ ಅಕ್ಕನನ್ನು ಆಸ್ಪತ್ರೆಗೆ ನಾನೇ ಕರೆದೊಯ್ಯುತ್ತೇನೆ. ಎಡಗಣ್ಣಿಗೂ ಇದು ಬರಬಹುದೆಂದು ನೋಡುತ್ತಿರುತ್ತಾರೆ. ಹೋದ ಸಲ ಕಾಯುವ ಕೋಣೆಯಲ್ಲಿ ನಮ್ಮ ಪಕ್ಕ ಒಬ್ಬ ಹಿರಿಯರು ಕೂತಿದ್ದರು. ಹೀಗೇ ಮಾತಿಗೆ ಮಾತು ಬೆಳೆದು ನಾನು ಟಿವಿ ಅಂಗಡಿಯವನೆಂದು ತಿಳಿದಾಗ ಅವರ ಮುಖ ಅರಳಿತು.

"ಒಳ್ಳೇದಾಯ್ತು ನೋಡಿ. ಮಗಳು ಒಂದು ಟಿವಿ ತಗೋಬೇಕು ಅಂತಿದ್ದಾಳೆ. ಆ ಎಲ್‌ಇಡಿ, ಓಎಲ್ಲು, ಅದೇನೇನೋ ಅಂತಾರಲ್ಲ. ಯಾವುದು ಒಳ್ಳೇದು?"

ನಾನು ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯನ್ನು ಮಡಚತೊಡಗಿದೆ. ಅಕ್ಕ ನನ್ನ ಮೊಣಕೈ ತಿವಿದಳು.

"ಕೇಳಿ ಕೇಳಿ. ಚೆನ್ನಾಗಿ ಹೇಳ್ತಾನೆ. ನಮ್ಮನೇದೂ ಅವನೇ ಆರಿಸಿದ್ದು."

ಅದರಲ್ಲಿ ಚುಚ್ಚುಮಾತಿದೆಯೇ ಎಂದು ಅವಳ ಮುಖ ನೋಡಿದೆ. ಇರಲಿಲ್ಲ. ತಮ್ಮನ ಬಗ್ಗೆ ಅವಳಿಗೆ ನಿಜಕ್ಕೂ ಹೆಮ್ಮೆಯಿತ್ತು. ಬೈಗುಳಕ್ಕಿಂತ ಅದು ಭಾರವಾಗಿತ್ತು.

ಹಿರಿಯರನ್ನು ಕೇಳಿದೆ: ಎಷ್ಟು ದೂರ ಕೂರುತ್ತೀರಿ, ಕಿಟಕಿ ಎಲ್ಲಿದೆ, ಹಗಲು ನೋಡುತ್ತೀರೋ ರಾತ್ರಿಯೋ. ಅವರು ಒಂದೊಂದಕ್ಕೂ ಯೋಚಿಸಿ ಉತ್ತರ ಕೊಟ್ಟರು. ಇನ್ನೂ ಏನೋ ಕೇಳುವವರಿದ್ದರು, ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು ಅಕ್ಕನ ಸರದಿ ಎಂದು ಕರೆದಳು. ಅಕ್ಕ ಎದ್ದು ಕೈ ಚಾಚಿದಳು. ನಾನು ಹಿಡಿದುಕೊಂಡೆ.

"ಮೆಟ್ಟಿಲಿದೆಯೇನೋ ಇಲ್ಲಿ?" ಎಂದಳು.

"ಒಂದೇ ಒಂದು" ಎಂದೆ. ಅವಳು ಕಾಲಿನಿಂದ ಅದರ ಅಂಚು ಹುಡುಕಿ, ಸಿಕ್ಕಿದ ಮೇಲೆ ಹತ್ತಿದಳು.